ಮಸ್ಕಿ ಶಾಸನ: ಇರವಿನ ಪುರಾವೆ, ಬದುಕಿನ ಗುರಿ

ಇಂದು ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ಅಶೋಕ ಶಾಸನವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅದರ ಆರಂಭದ ಎರಡು ಪದಗಳಲ್ಲಿಯೇ ಮುಗಿದುಹೋಗುತ್ತದೆ. ಅದಕ್ಕೆ ಕಾರಣವಿಲ್ಲದೆ ಇಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮೀ ಲಿಪಿಯನ್ನು ಓದಿದಾಗ ಬಂಡೆ ಕಂಬಗಳಲ್ಲಿ ದೊರೆತವನು ದೇವಾನಾಂಪ್ರಿಯ ಪ್ರಿಯದರ್ಶಿ. ಪುರಾಣಗಳೂ ಬೌದ್ಧ ಕಥನಗಳೂ ಬಲ್ಲವನು ಅಶೋಕ. ಪ್ರಿಯದರ್ಶಿಯನ್ನು ಸಿಂಹಳದ ಅರಸನೆಂದೇ ಪ್ರಿನ್ಸೆಪ್ ಮೊದಲು ಭಾವಿಸಿದ್ದರು. ಇಬ್ಬರೂ ಒಬ್ಬನೇ ಎಂಬುದನ್ನು ಜಾರ್ಜ್ ಟರ್ನರ್ ಅವರು ಸಿಂಹಳದ ಪಾಳಿ ವೃತ್ತಾಂತದ ಆಧಾರದಿಂದ ತೋರಿಸಿದರಾದರೂ, ಅರಸನ ಸ್ವಂತ ಶಾಸನಗಳಲ್ಲಿ ಆ ಹೆಸರು ಸಿಕ್ಕಿರಲಿಲ್ಲ. ರುದ್ರದಾಮನ ಗಿರಿನಾರ ಶಾಸನದಲ್ಲಿ ಅಶೋಕನ ಉಲ್ಲೇಖವಿದ್ದರೂ ಅದು ಸುಮಾರು ನಾಲ್ಕು ಶತಮಾನಗಳ ಅನಂತರ ಅನ್ಯರು ಆಡಿದ ಮಾತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಕಂಡ ಶಾಸನದಲ್ಲಿ ‘ದೇವಾನಂಪಿಯ’ದ ಮಗ್ಗುಲಲ್ಲೇ ‘ಅಸೋಕ’ ಇದ್ದಿತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದ್ ಪುರಾತತ್ತ್ವ ಮಾಲೆಯಲ್ಲಿ ಪ್ರಕಟಿಸಿದರು.

ಒಬ್ಬ ಮನುಷ್ಯ ಇದ್ದನೆಂಬುದಕ್ಕೆ ಪುರಾವೆ ಯಾವುದು? ಕಲ್ಲಿನ ಮೇಲಿನ ಹೆಸರು ತಾನೇ ತಾನಾಗಿ ಪುರಾವೆಯಾಗದು. ಸಾಹಿತ್ಯವು ಅಶೋಕನನ್ನು ನೆನಪಿಟ್ಟುಕೊಂಡಿರದಿದ್ದಲ್ಲಿ ಮಸ್ಕಿಯಲ್ಲಿ ದೊರೆತದ್ದು ಅಪರಿಚಿತ ಅರಸನೊಬ್ಬನ ಹೆಸರಷ್ಟೇ ಆಗುತ್ತಿತ್ತು. ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್ ತನ್ನ ಇರವಿಗೆ ಆಧಾರವನ್ನು ತನ್ನ ಚಿಂತನೆಯೊಳಗೇ ಕಂಡುಕೊಂಡನು. ಚರಿತ್ರೆಗೆ ಆ ಸೌಲಭ್ಯವಿಲ್ಲ. ಅಲ್ಲಿ ಒಬ್ಬನ ಇರವಿಗೆ ಇತರರ ನೆನಪೇ ಸಾಕ್ಷಿ ನುಡಿಯಬೇಕು.

ಆದರೆ ಈ ಸಾಕ್ಷ್ಯದ ಸಂಭ್ರಮದಲ್ಲಿ ನಾವು ಶಾಸನವನ್ನು ಅರಸನ ಗುರುತಿನ ಚೀಟಿಯನ್ನಾಗಿ ಮಾಡಿಬಿಟ್ಟಿದ್ದೇವೆ. ಅದರ ಮುಂದಿನ ಸಾಲುಗಳು ಬೇರೆಯೇ ದಾರಿ ಹಿಡಿಯುತ್ತವೆ. ತಂದೆ ತಾತಂದಿರ ಹೆಸರಿಲ್ಲ, ಮೌರ್ಯ ಎಂಬ ಕುಲನಾಮವಿಲ್ಲ, ಗೆಲುವಿನ ಮಾತಿಲ್ಲ. ತಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷವಾಯಿತೆಂಬುದೇ ಅಲ್ಲಿ ಅರಸನ ಪರಿಚಯ. ಇತರ ಪಾಠಗಳು ‘ಉಪಾಸಕ’ ಎನ್ನುವಲ್ಲಿ ಮಸ್ಕಿಯ ಪಾಠ ‘ಬುಧಶಕೆ’ ಎನ್ನುತ್ತದೆ. ಬ್ರಹ್ಮಗಿರಿಯ ಪಾಠದಲ್ಲಂತೂ ಮೊದಲ ಒಂದು ವರ್ಷ ತಾನು ಹೆಚ್ಚೇನೂ ಶ್ರಮಿಸಲಿಲ್ಲವೆಂಬ ಒಪ್ಪಿಗೆಯೂ ಇದೆ. ಪ್ರಶಸ್ತಿಗಳ ಮುಂದಿನ ಪರಂಪರೆಯನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ಕಂಡೀತು. ಹುಟ್ಟಿನಿಂದಲ್ಲ, ಹಿಡಿದ ಗುರಿಯಿಂದ ಬದುಕನ್ನು ಎಣಿಸುವ ಕ್ರಮವಿದು. ಸ್ಥಿರವಾದ ಆತ್ಮವನ್ನು ಒಪ್ಪದ ಧರ್ಮವೊಂದರ ಅನುಯಾಯಿಗೆ ಅದು ಹೊಂದುವುದೂ ಸಹಜವೇ. ಅಂಥವನ ಬರಹವನ್ನೇ ನಾವು ವ್ಯಕ್ತಿಯ ಪುರಾವೆಗಾಗಿ ಹಿಡಿದಿದ್ದೇವೆ!

ಈ ಗುರಿ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಎಣಿಸಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಶಾಸನದ ತಿರುಳು. ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಆ ಸಣ್ಣವರು ಯಾರು? ಮಾತು ಪ್ರಾಕೃತದಲ್ಲಿದೆ, ಅದು ಅವರ ಮನೆಮಾತಾಗಿತ್ತೆನ್ನಲು ಆಧಾರವಿಲ್ಲ. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನವು ತಾಮ್ರಶಿಲಾಯುಗದ ನೆಲೆಯನ್ನೂ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳನ್ನೂ ಬೆಳಕಿಗೆ ತಂದಿತು. ಶಾಸನಕ್ಕೆ ಮುನ್ನವೂ ಈ ನೆಲದಲ್ಲಿ ಜನ ಬಾಳಿ ಮಣ್ಣಾಗಿದ್ದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ. ಮಡಕೆ ಚೂರು ಜನರಿದ್ದುದನ್ನು ಹೇಳಬಲ್ಲುದು, ಯಾರಿದ್ದರೆಂದು ಹೇಳದು. ಗುರಿಯಲ್ಲಿ ಸಮಪಾಲು ಪಡೆದ ಸಣ್ಣವರಿಗೆ ಪುರಾವೆಯಲ್ಲಿ ಪಾಲು ದೊರೆಯಲಿಲ್ಲ. ಇದನ್ನು ಅರಸೊತ್ತಿಗೆಯ ಪ್ರಚಾರವೆಂದು ತಳ್ಳಿಹಾಕುವುದು ಸುಲಭ. ತನ್ನ ಕೊರತೆಯನ್ನು ತಾನೇ ಬರೆಸಿದ ಅರಸನ ಬಗೆಗೆ ಆ ತೀರ್ಪು ಅವಸರದ್ದೆಂದು ನನಗನ್ನಿಸುತ್ತದೆ.

ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳಗಳಲ್ಲಿಯೂ ಅಶೋಕನ ಹೆಸರು ದೊರೆತ ಮೇಲೆ ಮಸ್ಕಿ ಏಕೈಕ ಸಾಕ್ಷಿಯಾಗಿ ಉಳಿದಿಲ್ಲ. ಹೆಸರಿನ ಭಾರವಿಳಿದ ಈ ಕಲ್ಲನ್ನು ಅದರ ಮಾತಿಗಾಗಿಯೇ ಓದಲು ಈಗ ಅಡ್ಡಿಯಿಲ್ಲ. ಹಾಗೆ ಓದಹೊರಟವರಿಗೆ ತೊಡಕೊಂದಿದೆ: ಅರಸನ ಹೆಸರು ಓದಲು ಸಿಗುತ್ತದೆ, ಸಂಘವನ್ನು ಸೇರಿ ಶ್ರಮಿಸಿದುದನ್ನು ಹೇಳುವೆಡೆಯಲ್ಲಿ ಅಕ್ಷರಗಳು ಸವೆದಿವೆ, ಅವನ್ನು ಬ್ರಹ್ಮಗಿರಿ, ರೂಪನಾಥದ ಪಾಠಗಳಿಂದ ತುಂಬಿಕೊಳ್ಳಬೇಕಾಗಿದೆ.