ಅಟ್ಟದ ಮೇಲಿನ ವಿಮಾನಗಳು

ಜಯನಗರದ ಹಳೇ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿಯುವುದು ಹಿತ್ತಾಳೆ ಪಾತ್ರೆ ಮಾತ್ರವಲ್ಲ. ಯಜಮಾನರಿಗೆ ವಿಮಾನದ ಹುಚ್ಚಿದ್ದರೆ ಏರ್‌ಫಿಕ್ಸ್, ತಮಿಯಾ ಕಂಪನಿಗಳ ಮಾದರಿ ವಿಮಾನದ ಕಿಟ್‌ಗಳೂ ರಾಶಿ ಬೀಳುತ್ತವೆ.

ಅದರಲ್ಲಿ ಏರ್‌ಫಿಕ್ಸ್‌ನ ನ್ಯಾಟ್ ಸಿಕ್ಕರೆ ಬೆಂಗಳೂರಿಗನ ಕಣ್ಣರಳಬೇಕು. 1965ರ ಯುದ್ಧದಲ್ಲಿ ಹೆಸರು ಮಾಡಿದ ಈ ವಿಮಾನವನ್ನು ಪರವಾನಗಿ ಪಡೆದು ಕಟ್ಟಿದ್ದು ಇಲ್ಲಿನ ಎಚ್‌ಎಎಲ್. 1:72 ಅಳತೆಯಲ್ಲಿ ಅದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು ಹತ್ತು ಸೆಂಟಿಮೀಟರ್ ಅಷ್ಟೇ. ಪೈಲಟ್ಟೋ, ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡವನು!

ಕೊಳ್ಳುವವರು ಮೊದಲು ನೋಡುವುದು ಬಿಡಿಭಾಗಗಳು ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಉಳಿದಿವೆಯೇ, ಜೋಡಿಸುವ ವಿವರದ ಹಾಳೆ ಇದೆಯೇ ಎಂದು. ವಿಮಾನದ ಮೇಲೆ ಅಂಟಿಸುವ ಗುರುತುಗಳ ಹಾಳೆ, ಅಂದರೆ ಡೆಕಾಲ್, ಹಳದಿಗಟ್ಟಿದ್ದರೆ ಬಲ್ಲವರು ಕಿಟಕಿ ಗಾಜಿಗೆ ಅಂಟಿಸಿ ಬಿಸಿಲು ಕಾಯಿಸುತ್ತಾರೆ. ಅರ್ಧ ಜೋಡಿಸಿದ್ದಕ್ಕೆ ಬೆಲೆ ಕಡಿಮೆ.

ಗುಜರಿಯವರನ್ನು ಕರೆಯುವ ಮುನ್ನ ಒಂದೊಂದೇ ಪೆಟ್ಟಿಗೆ ತೆರೆದು ಪಟ್ಟಿ ಮಾಡಿ. ತೂಕಕ್ಕೆ ಮಾತ್ರ ಹಾಕಬೇಡಿ.