ಶಿಶುಮಾರ ಶಬ್ದಾರ್ಥ ವಿಚಾರ

ಅಮರಕೋಶದ ವಾರಿವರ್ಗದಲ್ಲಿ ಬರುವ ‘ಶಿಶುಮಾರ’ ಶಬ್ದಕ್ಕೆ ‘ಮೊಸಳೆ’ ಎಂದು ಅರ್ಥ ಹೇಳಿ ಮುಂದೆ ಸಾಗುವ ವಾಡಿಕೆ ನಮ್ಮ ಮೈಸೂರಿನ ಪಾಠಶಾಲೆಗಳಲ್ಲಿ ಉಂಟಷ್ಟೆ. ಗುರುಮುಖದಿಂದ ಕೇಳಿದ ಈ ಅರ್ಥವನ್ನೇ ನಾನೂ ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿಗೆ ಒಪ್ಪಿಸಿರುವೆನು. ಅದು ಗ್ರಾಹ್ಯವಲ್ಲವೆಂದು ಈಗ ತೋರುತ್ತದೆ.

ಅಮರಸಿಂಹನು ಶಿಶುಮಾರವನ್ನು ಮಕರಾದಿಗಳೊಡನೆ ಎಣಿಸಿ, ನಕ್ರ ಕುಂಭೀರಗಳನ್ನು ಬೇರೆಯಾಗಿ ಹೇಳಿದ್ದಾನೆ. ಚರಕನ ವಾರಿಶಯ ಗಣದಲ್ಲಿಯೂ ಶಿಶುಮಾರ ಬೇರೆ, ಕುಂಭೀರ ಬೇರೆ. ಎರಡೂ ಮೊಸಳೆಯೇ ಆದರೆ ಪುನರುಕ್ತಿದೋಷವು ತಪ್ಪದು. ಸುಶ್ರುತನು ಶಿಶುಮಾರವನ್ನು ‘ಪಾದಿ’ಗಳಲ್ಲಿ, ಎಂದರೆ ಕಾಲುಳ್ಳವುಗಳಲ್ಲಿ, ಸೇರಿಸಿರುವನಲ್ಲಾ ಎಂದು ಪೂರ್ವಪಕ್ಷಿಯು ಕೇಳಬಹುದು. ಆ ಸ್ಥಳದಲ್ಲಿ ಉದ್ದಮೂತಿಯ ಘಡಿಯಾಲವು ವಿವಕ್ಷಿತವಾಗಿದ್ದರೂ ಇರಬಹುದು. ನಾನು ಹಟ ಹಿಡಿಯುವುದಿಲ್ಲ. ಆದರೆ ಗಂಗಾತೀರದ ಜನರು ಇಂದಿಗೂ ‘ಸೂಂಸ್’ ಎಂದೂ, ವಂಗದೇಶೀಯರು ‘ಶುಶುಕ್’ ಎಂದೂ ಕರೆಯುವುದು ಗಂಗೆಯ ಡಾಲ್ಫಿನ್ನನ್ನೇ. ನೀರಿನ ಮೇಲೆ ತಲೆಯೆತ್ತಿ ಉಸಿರುಬಿಡುವಾಗ ಅದು ಮಾಡುವ ಸದ್ದು ಹಾಗೆಯೇ ಇದೆ.

ನಮ್ಮಲ್ಲಿ ಭ್ರಮೆ ಬಂದುದೇಕೆ? ಕಾವೇರಿಯ ರಂಗನತಿಟ್ಟಿನಲ್ಲಿ ಮೊಸಳೆಯನ್ನು ಕಾಣಬಹುದು. ಶಿಶುಮಾರವು ಕಾವೇರಿಯಲ್ಲಿ ಇಲ್ಲ. ಕಾಣದ ಪ್ರಾಣಿಗೆ ಕಂಡ ಪ್ರಾಣಿಯ ಹೆಸರಿಟ್ಟೆವು. ‘ಶಿಶುವನ್ನು ಕೊಲ್ಲುವುದು’ ಎಂಬ ವ್ಯುತ್ಪತ್ತಿಯೂ ಇದಕ್ಕೆ ಒತ್ತಾಸೆಯಾಯಿತು. ಮೀನು ತಿಂದು ಬದುಕುವ, ಕಣ್ಣಿನಲ್ಲಿ ಮಸೂರವೇ ಇಲ್ಲದೆ ಧ್ವನಿಯ ಮಾರ್ದನಿಯಿಂದ ದಾರಿಯರಿಯುವ ಈ ಬಡಪ್ರಾಣಿಗೆ ಆ ನಿಂದೆ ಸಲ್ಲದು.

ಬಾಹ್ಯಸಾದೃಶ್ಯದಿಂದ ಮೋಸಹೋದವರು ನಾವು ಮಾತ್ರವಲ್ಲ. ಗಂಗೆ, ಅಮೆಜಾನ್, ಯಾಂಗ್‌ತ್ಸೆ ನದಿಗಳ ಡಾಲ್ಫಿನ್ನುಗಳೆಲ್ಲ ಉದ್ದ ಕೊಕ್ಕಿನವೆಂದು ಪ್ರಾಣಿಶಾಸ್ತ್ರಜ್ಞರು ಬಹುಕಾಲ ಒಂದೇ ಗುಂಪಿಗೆ ಸೇರಿಸಿದ್ದರು. ಗಂಗೆಯದರ ವಂಶವು ಬಹು ಪ್ರಾಚೀನಕಾಲದಲ್ಲಿಯೇ ಕವಲೊಡೆದುದೆಂದೂ, ನದೀವಾಸದಿಂದ ಆಯಾ ವಂಶಗಳಲ್ಲಿ ಒಂದೇ ಬಗೆಯ ರೂಪವು ಬೇರೆಬೇರೆಯಾಗಿ ಬಂದಿತೆಂದೂ ವಂಶವಾಹಿಗಳ ಪರೀಕ್ಷೆಯಿಂದ ಈಚೆಗೆ ತಿಳಿದಿದೆ. ಗಂಗೆಯ ಜಾತಿಗೆ 1801ರಲ್ಲಿ ಶಾಸ್ತ್ರೀಯ ನಾಮಕರಣವಾಯಿತು. ಸಿಂಧೂನದಿಯದು ಬೇರೆ ಜಾತಿಯೆಂಬುದು 2021ರಲ್ಲಿ ತಲೆಬುರುಡೆ ಮತ್ತು ವಂಶವಾಹಿಗಳ ಸಾಕ್ಷ್ಯದಿಂದ ದೃಢಪಟ್ಟಿತು.

ಮೋನಿಯರ್ ವಿಲಿಯಮ್ಸರ ಕೋಶವು ಗಂಗೆಯ ಪ್ರಾಣಿಯನ್ನು ಹೇಳಿದುದು ಸಾಧು. ಅದನ್ನು ‘ಪಾರ್ಪಾಯಿಸ್’ ಎಂದೂ ಕರೆದುದು ಸಾಧುವಲ್ಲ. ಆ ಕುಲದವಕ್ಕೆ ಹಲ್ಲುಗಳು ಗುದ್ದಲಿಯಂತೆ ಚಪ್ಪಟೆ, ಇದಕ್ಕೆ ಮೊನಚು.

2009ರಲ್ಲಿ ಭಾರತಸರ್ಕಾರವು ಇದನ್ನೇ ರಾಷ್ಟ್ರೀಯ ಜಲಚರವೆಂದು ಸಾರಿತು. ಆ ವಾರ್ತೆಯನ್ನು ಓದಿದ ವಿದ್ಯಾರ್ಥಿಗೆ ತಾನು ಅಮರದಲ್ಲಿ ಬಾಯಿಪಾಠ ಮಾಡಿದ ಪ್ರಾಣಿಯೇ ಇದೆಂದು ತಿಳಿಯದಿರುವುದು ನಮ್ಮ ಪಾಠಕ್ರಮದ ಲೋಪ. ಭಾಗವತದ ಪಂಚಮಸ್ಕಂಧದಲ್ಲಿ, ತಲೆ ಕೆಳಗಾಗಿ ಮೈಯನ್ನು ಸುರುಳಿಸಿಕೊಂಡು ಬಾಲದ ತುದಿಯಲ್ಲಿ ಧ್ರುವನನ್ನು ಧರಿಸಿರುವ ಶಿಶುಮಾರಚಕ್ರವನ್ನು ಕನ್ನಡಿಸುವವರೂ ‘ಮೊಸಳೆ’ ಎಂದು ಬರೆಯದೆ ಮೂಲಶಬ್ದವನ್ನೇ ಉಳಿಸಿಕೊಳ್ಳುವುದು ಉಚಿತ.