ದಪ್ಪ ಮಾಡಿದ್ದೆಲ್ಲ ಬೋಲ್ಡ್ ಅಲ್ಲ

ಮೇಲ್ ಬರೆಯುವಾಗ, ಪಿಪಿಟಿ ಮಾಡುವಾಗ ದಿನಕ್ಕೆ ಹತ್ತು ಸಲ ಕಂಟ್ರೋಲ್-ಬಿ ಒತ್ತುತ್ತೇವೆ. ಅಕ್ಷರ ದಪ್ಪ ಆಗುತ್ತೆ, ಅಲ್ಲಿಗೆ ಮುಗೀತು. ಈ ದಪ್ಪಕ್ಕೂ ಒಂದು ಚರಿತ್ರೆ ಇದೆ. ಅದರಲ್ಲಿ ದೊಡ್ಡ ಹೆಸರು ಕ್ಲಾರೆಂಡನ್. ನನಗೆ ತುಂಬಾ ಇಷ್ಟವಾದ ಇಂಗ್ಲಿಷ್ ಫಾಂಟ್ ಇದು. ತಕರಾರಿರುವುದು ಇವತ್ತು ಅದನ್ನು ಬಳಸುವ ರೀತಿಯ ಬಗ್ಗೆ.

1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯ ರಾಬರ್ಟ್ ಬೆಸ್ಲಿ ಇದನ್ನು ಹೊರತಂದರು. ಅಕ್ಷರಗಳನ್ನು ಉಕ್ಕಿನಲ್ಲಿ ಕೊರೆದವರು ಬೆಂಜಮಿನ್ ಫಾಕ್ಸ್. ಅದಕ್ಕೂ ಮೊದಲು ದಪ್ಪಕ್ಷರ ಇರಲಿಲ್ಲ ಅಂತಲ್ಲ. ಪೋಸ್ಟರುಗಳಿಗೆಂದೇ ಮಾಡಿದ ಡೊಳ್ಳುಹೊಟ್ಟೆಯ 'ಫ್ಯಾಟ್ ಫೇಸ್'ಗಳಿದ್ದವು. ಗೋಡೆ ಮೇಲೆ ನಿಂತು ಕೂಗೋದು ಅವುಗಳ ಕೆಲಸ. ಕ್ಲಾರೆಂಡನ್ ಹುಟ್ಟಿದ್ದು ಬೇರೆ ಕೆಲಸಕ್ಕೆ. ಮಾಮೂಲಿ ಅಕ್ಷರಗಳ ಜೊತೆ ಅದೇ ಸಾಲಿನಲ್ಲಿ ಕೂತು, ಒಂದೇ ಒಂದು ಪದವನ್ನು ಎತ್ತಿ ತೋರಿಸಬೇಕಿತ್ತು. ನಿಘಂಟಿನ ಪದಗಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ಅದರ ಮೈಕಟ್ಟೇ ಆ ಕೆಲಸಕ್ಕೆ ತಕ್ಕಂತಿದೆ. ದಪ್ಪ ಗೆರೆಗೂ ಸಣ್ಣ ಗೆರೆಗೂ ಅಂತರ ಕಮ್ಮಿ. ಗೆರೆಯ ತುದಿಯ ಪಾದ, ಅಂದ್ರೆ ಸೆರಿಫ್, ಮೊಂಡಾಗಿ ಅಂಟಿಕೊಂಡಿಲ್ಲ, ಮರದ ಬುಡದ ಹಾಗೆ ಬಾಗಿ ಕೂಡಿಕೊಂಡಿದೆ. ಅಗಲ ಕಮ್ಮಿ ಇರೋದರಿಂದ ಸಾಲಿನಲ್ಲಿ ಜಾಗ ತಿನ್ನಲ್ಲ. ಒಳಗಿನ ಖಾಲಿ ಜಾಗ ಮುಚ್ಚಿಹೋಗಿಲ್ಲ. ಅಂದರೆ ಇದು ಉಬ್ಬಿಸಿದ ಅಕ್ಷರವಲ್ಲ, ದಪ್ಪಕ್ಕೆಂದೇ ಬರೆದ ಅಕ್ಷರ.

ಬೆಸ್ಲಿ ಇದನ್ನು ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ್ದರು. ರಕ್ಷಣೆ ಇದ್ದದ್ದು ಮೂರೇ ವರ್ಷ. ಅದು ಮುಗಿದಿದ್ದೇ ತಡ, ಬೇರೆ ಫೌಂಡ್ರಿಗಳು ನಕಲು ಇಳಿಸಿದವು. ಮೆಲ್ಲಗೆ ಕ್ಲಾರೆಂಡನ್ ಪುಟ ಬಿಟ್ಟು ಗೋಡೆ ಹತ್ತಿತು. ಅಮೆರಿಕದಲ್ಲಿ ಮರದ ಮೊಳೆಗಳಾಗಿ ಪೋಸ್ಟರ್ ತುಂಬಿತು. ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ರಸ್ತೆ ಫಲಕಗಳಲ್ಲೂ ಬಹುಕಾಲ ಇತ್ತು. ಫಲಕದಲ್ಲಿ ಎರಡು ಮೂರು ಪದ, ಸುತ್ತ ಬಯಲು. ಅಲ್ಲಿ ಅದು ಒಪ್ಪುತ್ತೆ.

ಒಪ್ಪದಿರೋದು ಇಡೀ ಮೆನು ಕಾರ್ಡನ್ನು ಇದರಲ್ಲೇ ಹೊಡೆದಾಗ. 'ಹಳೇ ಕಾಲದ ಗತ್ತು' ಬೇಕು ಅಂತ ಕ್ಲಾರೆಂಡನ್‌ಗೆ ವೇಷ ಹಾಕಿ ನಿಲ್ಲಿಸುತ್ತಾರೆ. ಊರಲ್ಲಿ ಡಂಗುರ ಕೇಳಿಸೋದು ಉಳಿದ ಬೀದಿ ಸುಮ್ಮನಿರೋದರಿಂದ. ಬೀದಿಯೆಲ್ಲ ತಮಟೆ ಬಡಿದರೆ ಸುದ್ದಿ ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ?

ಈ ಮಾತು ಕನ್ನಡದ ಪರದೆಗಳಿಗೂ ಸಲ್ಲುತ್ತದೆ. ಫಾಂಟ್‌ನಲ್ಲಿ ಬೋಲ್ಡ್ ಫೈಲ್ ಇಲ್ಲದಿದ್ದರೆ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸಿ ಕೊಡುತ್ತೆ. ಇಂಗ್ಲಿಷ್ ಹೇಗೋ ತಡ್ಕೊಳ್ಳುತ್ತೆ. ನಮ್ಮಲ್ಲಿ 'ರ'ಕ್ಕೂ 'ಠ'ಕ್ಕೂ ವ್ಯತ್ಯಾಸ ಒಂದು ಚುಕ್ಕಿ, 'ದ'ಕ್ಕೂ 'ಧ'ಕ್ಕೂ ವ್ಯತ್ಯಾಸ ಒಂದು ಹೊಟ್ಟೆಸೀಳು. ಸಣ್ಣ ಅಳತೆಯಲ್ಲಿ ಆ ಸೀಳು ಮುಚ್ಚಿಕೊಂಡರೆ ಧನ ಹೋಗಿ ದನ ಆಗುತ್ತೆ. ಒತ್ತಕ್ಷರಗಳ ಪಾಡಂತೂ ಕೇಳಲೇಬೇಡಿ. ಮೊಬೈಲಲ್ಲಿ ಕನ್ನಡ ಓದೋದು ಕಷ್ಟ ಅಂತ ಯಾರಾದರೂ ಅಂದರೆ, ನಾನು ಮೊದಲು ನೋಡೋದು ಇದನ್ನೇ. ಎಷ್ಟೋ ಸಲ ತಪ್ಪು ಲಿಪಿಯದ್ದಲ್ಲ, ನಮ್ಮ ಸೋಮಾರಿತನದ್ದು.

ನೋಟೊ ಸೆರಿಫ್ ಕನ್ನಡದಂಥ ಫಾಂಟುಗಳಲ್ಲಿ ದಪ್ಪಕ್ಕೆಂದೇ ಬರೆದ ಅಕ್ಷರಗಳಿವೆ, ಬೆಲೆಯೂ ಇಲ್ಲ. ಮುಂದಿನ ರಿಲೀಸ್‌ಗೆ ಮುಂಚೆ ಆ ಫೈಲನ್ನೂ ಸೇರಿಸಿ. ಆಮೇಲೆ ಪುಟಕ್ಕೆ ಒಂದೋ ಎರಡೋ ಪದ ಮಾತ್ರ ಬೋಲ್ಡ್ ಮಾಡಿ, ಸಾಕು.